ಹಳೆಯ ಗಿಟಾರಿನ ಅಂತರಜಾಲ ಮಾರಾಟ: ಮರದ ತೊಡಕು

ಬಳಸಿದ ಎಲೆಕ್ಟ್ರಿಕ್ ಗಿಟಾರನ್ನು ಅಂತರಜಾಲದ ಮೂಲಕ ಕೊಳ್ಳುವವರು ಅದನ್ನು ನುಡಿಸಿ ನೋಡಲಾರರು. ಕತ್ತಿನ ಬಾಗು, ಫ್ರೆಟ್‌ಗಳ ಸವೆತ ಮುಂತಾದವುಗಳನ್ನು ಛಾಯಾಚಿತ್ರಗಳಿಂದ ತಕ್ಕಮಟ್ಟಿಗೆ ತೋರಿಸಬಹುದು. ಆದರೆ ಸರಕು ವಿದೇಶಕ್ಕೆ ಹೋಗುವುದಾದರೆ ಅದಕ್ಕಿಂತ ದೊಡ್ಡ ತೊಡಕು ಫಿಂಗರ್‌ಬೋರ್ಡಿನ ಮರದಲ್ಲಿದೆ.

ಅಳಿವಿನ ಅಂಚಿನ ಜೀವಿಗಳ ಹಾಗೂ ಸಸ್ಯಗಳ ವ್ಯಾಪಾರವನ್ನು ನಿಯಂತ್ರಿಸುವ ಸೈಟಿಸ್ ಒಪ್ಪಂದಕ್ಕೆ 2017ರ ಜನವರಿ 2ರಿಂದ ಬೀಟೆಯ ಕುಲದ ಎಲ್ಲ ಮರಗಳೂ ಒಳಪಟ್ಟವು. ಕರ್ನಾಟಕದ ಕಾಡುಗಳ ಬೀಟೆಯೂ ಇದರಲ್ಲಿ ಸೇರಿತು. ಒಂದೇ ಒಂದು ಹಳೆಯ ಗಿಟಾರನ್ನು ಗಡಿಯಾಚೆ ಮಾರಲೂ ಪರವಾನಗಿ ಬೇಕಾಯಿತು. ಸಣ್ಣ ಮಾರಾಟಗಾರರಿಗೆ ಇದು ಅತಿಯಾದ ಹೊರೆಯೇ ಸರಿ. 2019ರ ನವೆಂಬರ್ 26ರಿಂದ ಸಿದ್ಧಗೊಂಡ ಸಂಗೀತವಾದ್ಯಗಳಿಗೆ ವಿನಾಯಿತಿ ದೊರೆಯಿತು.

ಈ ವಿನಾಯಿತಿ ಬ್ರೆಜಿಲ್ ಬೀಟೆಗೆ ಅನ್ವಯಿಸದು. 1992ರಿಂದ ಅದು ಅತ್ಯಂತ ಕಠಿಣವಾದ ಮೊದಲನೆಯ ಅನುಬಂಧದಲ್ಲಿದೆ. 1960ರ ದಶಕದ ಮಧ್ಯಭಾಗದವರೆಗಿನ ಅನೇಕ ಅಮೆರಿಕನ್ ಗಿಟಾರುಗಳಲ್ಲಿರುವುದು ಇದೇ ಮರ. ಹೆಚ್ಚು ಬೆಲೆ ಬಾಳುವುದೂ ಅವೇ. ಛಾಯಾಚಿತ್ರದಲ್ಲಿ ಇದನ್ನು ಭಾರತದ ಬೀಟೆಯಿಂದ ಬೇರ್ಪಡಿಸುವುದು ಕಷ್ಟ. ಆದುದರಿಂದ ಜಾಹೀರಾತಿನಲ್ಲಿ ಬರಿದೇ ‘ರೋಸ್‌ವುಡ್’ ಎಂದು ಬರೆಯದೆ, ತಯಾರಿಕೆಯ ವರ್ಷ, ಕ್ರಮಸಂಖ್ಯೆ ಹಾಗೂ ಮರದ ಜಾತಿಯನ್ನು ನಮೂದಿಸುವುದು ಲೇಸು. ಬ್ರೆಜಿಲ್ ಬೀಟೆಯೆಂದು ಖಚಿತವಾದಲ್ಲಿ, ಆ ಮರ 1992ರ ನಿರ್ಬಂಧಕ್ಕೆ ಮುಂಚಿನದೆಂಬ ಸೈಟಿಸ್ ಪ್ರಮಾಣಪತ್ರವನ್ನು ರವಾನೆಗೆ ಮೊದಲೇ ಪಡೆಯಬೇಕು. ಅದಿಲ್ಲದೆ ಕಳುಹಿಸಿದ ವಾದ್ಯವನ್ನು ಸುಂಕದ ಅಧಿಕಾರಿಗಳು ಮುಟ್ಟುಗೋಲು ಹಾಕಿಕೊಳ್ಳಬಹುದು.