ಬೈಲಿ ಬಂದೀಖಾನೆಯಲ್ಲಿ ಬೈಲಿ ಇದ್ದನೇ?

ಮೇಟಗಳ್ಳಿಯಿಂದ ವರ್ತುಲ ರಸ್ತೆ ಹಿಡಿದು ಬೆಂಗಳೂರು ಹೆದ್ದಾರಿ ಸೇರಿದರೆ ಶ್ರೀರಂಗಪಟ್ಟಣ ಅರ್ಧ ಗಂಟೆಯ ದಾರಿ. ಮನೆಗೆ ಬಂದ ನೆಂಟರಿಗೆ ತೋರಿಸುವ ಜಾಗಗಳು ನಮಗೆಲ್ಲ ಬಾಯಿಪಾಠ: ರಂಗನಾಥಸ್ವಾಮಿ ಗುಡಿ, ದರಿಯಾ ದೌಲತ್, ಗುಂಬಜ್, ಸಂಗಮ. ಹೊತ್ತು ಉಳಿದರೆ ಕರ್ನಲ್ ಬೈಲಿ ಬಂದೀಖಾನೆ.

ಕೋಟೆಯ ಉತ್ತರಕ್ಕೆ, ಕಾವೇರಿಯ ಮಗ್ಗುಲಲ್ಲಿ ನಾಲ್ಕು ಮೆಟ್ಟಿಲಿಳಿದರೆ ಸುಣ್ಣ ಬಳಿದ ಇಟ್ಟಿಗೆ-ಗಾರೆಯ ಕಮಾನುಗಳ ಕೋಣೆ. ಉದ್ದ 30.5 ಮೀಟರ್, ಅಗಲ 12.2. ಗೋಡೆಯಿಂದ ಚಾಚಿದ ಕಲ್ಲು ಚಪ್ಪಡಿಗಳಲ್ಲಿ ತೂತುಗಳಿವೆ. ಕೈದಿಗಳ ಸರಪಳಿ ಬಿಗಿಯಲು ಅಂತೆ. ಒಳಗೆ ಬಿದ್ದಿರುವ ಫಿರಂಗಿ 1799ರ ಮುತ್ತಿಗೆಯಲ್ಲಿ ಚಾವಣಿ ಒಡೆದುಕೊಂಡು ಬಿತ್ತಂತೆ. ಕುತ್ತಿಗೆಮಟ್ಟ ನೀರು ಬಿಟ್ಟು ಕೈದಿಗಳನ್ನು ನಿಲ್ಲಿಸುತ್ತಿದ್ದರು ಎಂಬ ಕಥೆ ಹೇಳದೆ ಯಾವ ಗೈಡೂ ನಿಮ್ಮನ್ನು ಹೊರಗೆ ಬಿಡುವುದಿಲ್ಲ.

ಇತಿಹಾಸ ಇಷ್ಟು. 1780ರ ಸೆಪ್ಟೆಂಬರ್ 10ರಂದು ಕಾಂಚೀಪುರದ ಬಳಿಯ ಪೊಲ್ಲಿಲೂರಿನಲ್ಲಿ ಹೈದರಾಲಿ ಮತ್ತು ಟಿಪ್ಪುವಿನ ಸೈನ್ಯ ಕರ್ನಲ್ ವಿಲಿಯಂ ಬೈಲಿಯ ಪಡೆಯನ್ನು ನುಚ್ಚುನೂರು ಮಾಡಿತು. ಸೆರೆಸಿಕ್ಕ ಅಧಿಕಾರಿಗಳನ್ನು ಶ್ರೀರಂಗಪಟ್ಟಣಕ್ಕೆ ತಂದರು. ಬೈಲಿ 1782ರ ನವೆಂಬರಿನಲ್ಲಿ ಇಲ್ಲೇ ತೀರಿಕೊಂಡ. ಮಿಕ್ಕವರಿಗೆ ಬಿಡುಗಡೆಯಾದದ್ದು 1784ರ ಮಂಗಳೂರು ಒಪ್ಪಂದದ ನಂತರ.

ಆದರೆ ಆ ಕೈದಿಗಳೇ ಬರೆದಿಟ್ಟದ್ದನ್ನು ಓದಿದರೆ ಈ ನೆಲಮಾಳಿಗೆ ಕಾಣಿಸುವುದಿಲ್ಲ. 73ನೇ ಹೈಲ್ಯಾಂಡ್ ರೆಜಿಮೆಂಟಿನ ಜಾನ್ ಲಿಂಡ್ಸೆಯ ದಿನಚರಿಯಲ್ಲಿ ಬರುವುದು ಮಣ್ಣಿನ ಗೋಡೆಯ ಒಂದು ಚೌಕ ಅಂಗಳ, ಅದರ ಸುತ್ತ ಪಡಸಾಲೆಯಂಥ ಮಾಡು. ಕಾಲಿಗೆ ಬೇಡಿಯೇನೋ ಇತ್ತು. ಅವರಲ್ಲಿ ಡೇವಿಡ್ ಬೇರ್ಡ್ ಎಂಬ ಮುಂಗೋಪಿಯೂ ಇದ್ದ. ಕೈದಿಗಳನ್ನು ಜೋಡಿ ಜೋಡಿಯಾಗಿ ಬಿಗಿದಿದ್ದಾರೆಂದು ಕೇಳಿದ ಅವನ ತಾಯಿ, ನಮ್ಮ ಡೇವಿಯ ಜೊತೆ ಸಿಕ್ಕಿಕೊಂಡವನನ್ನು ದೇವರೇ ಕಾಪಾಡಬೇಕು ಎಂದಳಂತೆ. 1799ರ ಮೇ 4ರಂದು ಕೋಟೆಗೆ ಲಗ್ಗೆ ಹಾಕಿದ ಪಡೆಯ ಮುಂದಾಳು ಇದೇ ಬೇರ್ಡ್. ಬೈಲಿಯನ್ನಂತೂ ಉಳಿದವರಿಂದ ಬೇರೆಯಾಗಿಯೇ ಇಟ್ಟಿದ್ದರು. ಹಾಗಾಗಿ ಬೋರ್ಡಿನ ಮೇಲಿನ ಹೆಸರನ್ನು ನಾನು ಅರ್ಧವೇ ನಂಬುತ್ತೇನೆ. ಕೋಟೆಯಲ್ಲೇ ಇರುವ ಇನ್ನೊಂದು ನೆಲಮಾಳಿಗೆಗೆ ಅದನ್ನು 1895ರಲ್ಲಿ ಪತ್ತೆಹಚ್ಚಿದ ಥಾಮಸ್ ಇನ್‌ಮನ್‌ನ ಹೆಸರೇ ನಿಂತಿದೆ. ಅವನು ಕೈದಿಯೇ ಅಲ್ಲ!

ಮಣ್ಣಿನ ಗೋಡೆ ಕರಗಿತು, ಇಟ್ಟಿಗೆ ಗಾರೆ ಉಳಿಯಿತು. ನೆನಪು ಉಳಿದದ್ದಕ್ಕೆ ಜೋತುಬಿತ್ತು. ಬೇರೆಡೆಯೂ ಕಟ್ಟಡಗಳ ಹಣೆಬರಹ ಒಂದೇ ಥರ ಇಲ್ಲ. 1942ರ ಜುಲೈನಲ್ಲಿ ಸಾವಿರಾರು ಯಹೂದಿಗಳನ್ನು ಕೂಡಿಹಾಕಿದ್ದ ಪ್ಯಾರಿಸ್ಸಿನ ಸೈಕಲ್ ಕ್ರೀಡಾಂಗಣವನ್ನು 1959ರಲ್ಲಿ ಕೆಡವಿಬಿಟ್ಟರು. ಸ್ಮಾರಕ ಎದ್ದದ್ದು 1994ರಲ್ಲಿ. ಕಾಂಬೋಡಿಯದಲ್ಲಿ ಸೆರೆಮನೆಯಾಗಿದ್ದ ಟುವೊಲ್ ಸ್ಲೆಂಗ್ ಶಾಲೆ ಹಾಗೇ ಉಳಿದು ಮ್ಯೂಸಿಯಂ ಆಗಿದೆ.

ನಮ್ಮಲ್ಲಿ ಹೆಸರು ದಕ್ಕಿದ್ದು ಅಧಿಕಾರಿಗಳಿಗೆ ಮಾತ್ರ. ಅದೇ ಯುದ್ಧದಲ್ಲಿ ಬೈಲಿಯ ಪಡೆಯಲ್ಲಿದ್ದ ದೇಶೀ ಸಿಪಾಯಿಗಳಿಗಾಗಲಿ, 1784ರಲ್ಲಿ ಕರಾವಳಿಯಿಂದ ಇಲ್ಲಿಗೆ ಸೆರೆಯಾಗಿ ಬಂದ ಕ್ರೈಸ್ತ ಕುಟುಂಬಗಳಿಗಾಗಲಿ ಇಂಥ ಬೋರ್ಡು ನೋಡಿದ ನೆನಪು ನನಗಿಲ್ಲ. ಬೈಲಿಗಾದರೋ ಗುಂಬಜ್‌ನ ಹತ್ತಿರ ಪ್ರತ್ಯೇಕ ಸ್ಮಾರಕವೇ ಇದೆ. 1816ರಲ್ಲಿ ಅವನ ಸಂಬಂಧಿಯೊಬ್ಬ, ಲಖನೌದ ರೆಸಿಡೆಂಟ್ ಜಾನ್ ಬೈಲಿ ಕಟ್ಟಿಸಿದ್ದು.

ಬೈಲಿಯ ಮುಖವನ್ನೇ ನೋಡಬೇಕೆಂದರೆ ದರಿಯಾ ದೌಲತ್‌ಗೆ ಹೋಗಿ. ಪಶ್ಚಿಮದ ಗೋಡೆಯ ಮೇಲೆ ಟಿಪ್ಪು ಬರೆಸಿದ ಪೊಲ್ಲಿಲೂರು ಕದನದ ಚಿತ್ರವಿದೆ. ಅದರಲ್ಲಿ ಮದ್ದಿನ ಬಂಡಿ ಸಿಡಿಯುತ್ತಿದೆ, ಬೈಲಿ ಪಲ್ಲಕ್ಕಿಯೊಳಗೆ ಬೆರಳು ಕಚ್ಚಿ ಕೂತಿದ್ದಾನೆ.