ಸತ್ತ ಮಂಗ ಹೇಳುವ ಸುದ್ದಿ

ಚಿತ್ರದುರ್ಗದ ಕೋಟೆ ನೋಡಲು ಬಂದವರನ್ನು ಬಾಗಿಲಲ್ಲೇ ಎದುರುಗೊಳ್ಳುವುದು ಕೋತಿಗಳು. ಕೈಯಲ್ಲಿದ್ದ ಕಡಲೆಕಾಯಿ ಪೊಟ್ಟಣ ಕಿತ್ತುಕೊಂಡು ಬುರುಜು ಏರುವ ಈ ಕೆಂಪು ಮುಖದ ಪ್ರಾಣಿಗಳು ನಮಗೆಲ್ಲ ಚಿರಪರಿಚಿತ. ಊರಿನ ಬೆನ್ನಿಗಿರುವ ಜೋಗಿಮಟ್ಟಿಯ ಕಾಡೂ ಕೋತಿಗಳಿಗೆ ಹೊಸದಲ್ಲ. ಇವುಗಳಲ್ಲೊಂದು ಮರದ ಕೆಳಗೆ ಸತ್ತು ಬಿದ್ದಿದ್ದರೆ ನಾವು ಏನು ಮಾಡುತ್ತೇವೆ? ಕೆಲವರು ಮೂಗು ಮುಚ್ಚಿಕೊಂಡು ಮುಂದೆ ಹೋಗುತ್ತಾರೆ. ಎಷ್ಟೋ ಊರುಗಳಲ್ಲಿ ಅದನ್ನು ಆಂಜನೇಯನ ಅಂಶವೆಂದು ಭಾವಿಸಿ, ಹೂವಿನ ಹಾರ ಹಾಕಿ, ತಮಟೆ ಬಡಿದು, ಮೆರವಣಿಗೆಯಲ್ಲಿ ಹೊತ್ತೊಯ್ದು ಮಣ್ಣು ಮಾಡುತ್ತಾರೆ. ಭಕ್ತಿ ದೊಡ್ಡದು, ಒಪ್ಪೋಣ. ಆದರೆ ಸತ್ತ ಮಂಗ ಒಂದು ಸುದ್ದಿಯನ್ನೂ ಹೇಳುತ್ತಿರಬಹುದು. ಆ ಸುದ್ದಿಯನ್ನು ಓದಲು ಕಲಿತದ್ದು ನಮ್ಮ ಕನ್ನಡ ನಾಡಿನಲ್ಲೇ, ಅದೂ ಅನೇಕ ಜೀವಗಳ ಬೆಲೆ ತೆತ್ತು.

ಕ್ಯಾಸನೂರಿನಲ್ಲಿ ನಡೆದದ್ದು

1957ರ ಬೇಸಿಗೆ. ಶಿವಮೊಗ್ಗ ಜಿಲ್ಲೆ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮಂಗಗಳು ಒಂದರ ಹಿಂದೆ ಒಂದು ಸತ್ತು ಬೀಳತೊಡಗಿದವು. ಅದೇ ಸಮಯಕ್ಕೆ ಸೌದೆ, ಸೊಪ್ಪು ಎಂದು ಕಾಡಿಗೆ ಹೋಗಿ ಬಂದ ಸುತ್ತಲಿನ ಹಳ್ಳಿಯವರು ವಿಪರೀತ ಜ್ವರ, ತಲೆನೋವು, ಮೈಕೈ ನೋವಿನಿಂದ ಹಾಸಿಗೆ ಹಿಡಿದರು. ಕೆಲವರಿಗೆ ಮೂಗು, ಒಸಡುಗಳಲ್ಲಿ ರಕ್ತ ಕಾಣಿಸಿತು. ಕೆಲವರು ಉಳಿಯಲಿಲ್ಲ.

ಸುದ್ದಿ ಪುಣೆಯ ವೈರಸ್ ಸಂಶೋಧನಾ ಕೇಂದ್ರವನ್ನು ಮುಟ್ಟಿತು. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ ಮತ್ತು ಅಮೆರಿಕದ ರಾಕ್‌ಫೆಲರ್ ಪ್ರತಿಷ್ಠಾನ ಸೇರಿ 1952ರಲ್ಲಿ ಆರಂಭಿಸಿದ್ದ ಸಂಸ್ಥೆ ಅದು. ಟೆಲ್‌ಫರ್ಡ್ ವರ್ಕ್, ಹೆರಾಲ್ಡ್ ಟ್ರಾಪಿಡೊ ಮೊದಲಾದ ವಿಜ್ಞಾನಿಗಳು ಅಲ್ಲಿಂದ ಮಲೆನಾಡಿಗೆ ಧಾವಿಸಿದರು. ಅವರ ಅವಸರಕ್ಕೆ ಕಾರಣವಿತ್ತು. ದಕ್ಷಿಣ ಅಮೆರಿಕದ ಕಾಡುಗಳಲ್ಲಿ ಹಳದಿ ಜ್ವರ ಬಂದಾಗಲೂ ಮೊದಲು ಸಾಯುವುದು ಮಂಗಗಳು. ಆ ಜ್ವರ ಭಾರತಕ್ಕೆ ಕಾಲಿಟ್ಟಿರಲಿಲ್ಲ, ಆದರೆ ಅದನ್ನು ಹರಡಬಲ್ಲ ಸೊಳ್ಳೆ ಇಲ್ಲಿ ಧಾರಾಳವಾಗಿತ್ತು. ಪರೀಕ್ಷೆಯಲ್ಲಿ ಸಿಕ್ಕಿದ್ದು ಮಾತ್ರ ಜಗತ್ತು ಅದುವರೆಗೆ ಕಂಡಿರದ ಹೊಸ ವೈರಸ್. ದೂರದ ರಷ್ಯಾದ ಕಾಡುಗಳಲ್ಲಿ ಮೆದುಳು ಜ್ವರ ತರುವ ವೈರಸ್‌ಗೆ ಅದು ಹತ್ತಿರದ ನೆಂಟ. ಸಿಕ್ಕಿದ ಕಾಡಿನ ಹೆಸರನ್ನೇ ಇಟ್ಟು ವಿಜ್ಞಾನಿಗಳು ಅದನ್ನು ಕ್ಯಾಸನೂರು ಕಾಡಿನ ಕಾಯಿಲೆ ಎಂದರು. ಜನ ಮಂಗನ ಕಾಯಿಲೆ ಎಂದರು.

ಮಂಗ ಅಪರಾಧಿಯಲ್ಲ

ಈ ಪಾಠ ಮಾಡುವಾಗ ತರಗತಿಯಲ್ಲಿ ಯಾರಾದರೊಬ್ಬರು ಕೇಳಿಯೇ ಕೇಳುತ್ತಾರೆ: 'ಹಾಗಾದ್ರೆ ಮಂಗಗಳನ್ನೆಲ್ಲ ಹೊಡೆದುಹಾಕಿದ್ರೆ ಕಾಯಿಲೆ ಹೋಗುತ್ತಲ್ಲ ಸಾರ್?' ಹೋಗುವುದಿಲ್ಲ. ಏಕೆಂದರೆ ಈ ಕಥೆಯ ಮುಖ್ಯ ಪಾತ್ರಧಾರಿ ಮಂಗವಲ್ಲ, ಉಣ್ಣೆ. ದನಗಳ ಕಿವಿ, ಕೆಚ್ಚಲಿಗೆ ಕಚ್ಚಿಕೊಂಡಿರುತ್ತದಲ್ಲ, ಮಲೆನಾಡಿನವರು ಉಣುಗು ಎನ್ನುವರಲ್ಲ, ಅದರದೇ ಒಂದು ಜಾತಿ.

ಉಣುಗಿಗೆ ಬದುಕಿನ ಒಂದೊಂದು ಹಂತದಲ್ಲೂ ಒಂದು ಪ್ರಾಣಿಯ ರಕ್ತ ಬೇಕು. ಮಳೆಗಾಲ ಮುಗಿಯುವ ಹೊತ್ತಿಗೆ ಮೊಟ್ಟೆಯೊಡೆದು ಬರುವ ಆರು ಕಾಲಿನ ಮರಿಗಳು ಕಾಡಿಲಿ, ಸುಂಡಿಲಿ, ಹಕ್ಕಿ, ಮಂಗ ಯಾವುದು ಸಿಕ್ಕಿದರೂ ಏರುತ್ತವೆ. ರಕ್ತ ಕುಡಿದು ಕೆಳಗೆ ಬಿದ್ದು, ಪೊರೆ ಕಳಚಿ, ಎಂಟು ಕಾಲಿನ ಎಳೆ ಉಣುಗುಗಳಾಗುತ್ತವೆ. ಒಮ್ಮೆ ಹೊಕ್ಕ ವೈರಸ್ ಪೊರೆ ಕಳಚಿದರೂ ಅವುಗಳೊಳಗೇ ಇರುತ್ತದೆ. ಮನುಷ್ಯರಿಗೆ ಹೆಚ್ಚಾಗಿ ಕಚ್ಚುವುದು ಈ ಎಳೆ ಉಣುಗು. ಗಾತ್ರದಲ್ಲಿ ಅದು ಎಷ್ಟು ಚಿಕ್ಕದೆಂದರೆ ಕಚ್ಚಿದ್ದೇ ಎಷ್ಟೋ ಜನಕ್ಕೆ ತಿಳಿಯುವುದಿಲ್ಲ. ಅದರ ಕಾಲ ಸುಮಾರು ಡಿಸೆಂಬರ್‌ನಿಂದ ಮೇ ತನಕ. ಮಂಗನ ಕಾಯಿಲೆಯ ಕಾಲವೂ ಅದೇ.

ಇಲಿ ಜಾತಿಯ ಪ್ರಾಣಿಗಳಲ್ಲಿ ಈ ವೈರಸ್ ಹೆಚ್ಚು ಗದ್ದಲವಿಲ್ಲದೆ ಉಳಿದುಕೊಳ್ಳುತ್ತದೆ. ಮಂಗ, ಮುಸುವಗಳಿಗೆ ಅದು ಮಾರಕ. ಮಂಗ ಸತ್ತೊಡನೆ ಮೈ ತಣ್ಣಗಾಗುತ್ತದೆ. ರಕ್ತ ಹೀರುತ್ತಿದ್ದ ಉಣುಗುಗಳು ಅಲ್ಲೇ ನೆಲಕ್ಕಿಳಿದು ಸುತ್ತಲಿನ ತರಗೆಲೆಯಲ್ಲಿ ಸೇರಿಕೊಳ್ಳುತ್ತವೆ. ಸೌದೆ ಹೊರೆ ಇಳಿಸಿ ಅಲ್ಲಿ ಒಂದು ಗಳಿಗೆ ಕೂತವನ ಗತಿ ಊಹಿಸಿ. ಮಂಗವನ್ನು ಕೊಂದರೆ ಆಗುವುದೂ ಇದೇ. ಇನ್ನು, ರೋಗ ಮನುಷ್ಯನಿಂದ ಮನುಷ್ಯನಿಗೆ ಹರಡುವುದಿಲ್ಲ. ವೈರಸ್ಸಿನ ಪ್ರಯಾಣ ನಮ್ಮಲ್ಲಿಗೆ ಮುಗಿಯುತ್ತದೆ. ನಾವು ಅದರ ದಾರಿಗೆ ಅಡ್ಡ ಸಿಕ್ಕವರು ಅಷ್ಟೆ.

ಕಾಡಿನ ಅಂಚಿನಲ್ಲಿ

ಹಾಗಾದರೆ ಇಲಿ, ಮಂಗ, ಉಣುಗುಗಳ ನಡುವೆ ಕಾಡಿನೊಳಗೆ ಸುತ್ತುತ್ತಿದ್ದ ವೈರಸ್ ಹಳ್ಳಿಯವರೆಗೆ ಬಂದದ್ದು ಹೇಗೆ? ಇಲ್ಲಿ ದನವನ್ನು ನೆನೆಯಬೇಕು. ದನಕ್ಕೆ ಈ ಕಾಯಿಲೆ ಬಾಧಿಸದು. ಆದರೆ ಬೆಳೆದ ಉಣುಗುಗಳು ದನದ ರಕ್ತ ಕುಡಿದೇ ಮೊಟ್ಟೆಯಿಡಲು ಸಿದ್ಧವಾಗುತ್ತವೆ. ಕಾಡು ಕಡಿದು ಗದ್ದೆ, ತೋಟ ಮಾಡಿ, ಉಳಿದ ಕಾಡಿನ ಅಂಚಿಗೆ ದನ ಅಟ್ಟಿದಾಗ ಉಣುಗಿನ ಸಂಖ್ಯೆ ಬೆಳೆಯಿತು, ಜನರ ಓಡಾಟವೂ ಬೆಳೆಯಿತು. ಜೆ. ಬೊಶೆಲ್ ಎಂಬ ವಿಜ್ಞಾನಿ 1969ರಲ್ಲೇ ಈ ಮಾತನ್ನು ಬರೆದರು. 1982-83ರಲ್ಲಿ ಬೆಳ್ತಂಗಡಿ ತಾಲ್ಲೂಕಿನಲ್ಲಿ ಗೇರು ತೋಟಕ್ಕಾಗಿ ಕಾಡು ಸವರಿದ ಮೇಲೆ ಕಾಯಿಲೆ ಅಲ್ಲಿ ದೊಡ್ಡದಾಗಿ ಎದ್ದಿತು.

ಇದು ನಮ್ಮ ದೇಶಕ್ಕೆ ಸೀಮಿತವಾದ ಮಾತಲ್ಲ. 1998-99ರಲ್ಲಿ ಮಲೇಷ್ಯಾದಲ್ಲಿ ಹಂದಿ ಸಾಕಣೆಯ ಪಕ್ಕದಲ್ಲೇ ಹಣ್ಣಿನ ಮರಗಳನ್ನು ಬೆಳೆಸಿದ್ದರು. ಬಾವಲಿ ಕಚ್ಚಿ ಬೀಳಿಸಿದ ಹಣ್ಣನ್ನು ಹಂದಿ ತಿಂದಿತು, ಹಂದಿಯಿಂದ ನಿಪಾ ವೈರಸ್ ಮನುಷ್ಯರಿಗೆ ಬಂತು. ಬೇರೆ ಬೇರೆ ಇದ್ದ ಪ್ರಾಣಿಗಳನ್ನು ಒಂದೆಡೆ ತಂದು ನಿಲ್ಲಿಸಿದವರು ನಾವು.

ಬಯಲುಸೀಮೆಗೆ ಏಕೆ ಈ ಮಾತು?

ಮಂಗನ ಕಾಯಿಲೆಯ ತವರು ಮಲೆನಾಡು, ನಮ್ಮ ಬಯಲುಸೀಮೆಯಲ್ಲ. ಆದರೆ ಅದು ತವರಲ್ಲೇ ಕೂತಿಲ್ಲ. 2012ರ ಕೊನೆಯಲ್ಲಿ ಬಂಡೀಪುರದಲ್ಲಿ ಸತ್ತ ಮಂಗಗಳನ್ನು ಮುಟ್ಟಿ ವಿಲೇವಾರಿ ಮಾಡಿದವರಿಗೇ ಕಾಯಿಲೆ ಬಂತು. ಮುಂದೆ ವಯನಾಡು, ಗೋವಾ, ಮಹಾರಾಷ್ಟ್ರದ ಸಿಂಧುದುರ್ಗದಲ್ಲೂ ಕಾಣಿಸಿತು. 2018-19ರಲ್ಲಿ ಸಾಗರ ತಾಲ್ಲೂಕಿನ ಅರಳಗೋಡು ಸುತ್ತಮುತ್ತ ಹಲವರನ್ನು ಬಲಿ ತೆಗೆದುಕೊಂಡಿತು. ಕಾಯಿಲೆ ಬಿದ್ದ ನೂರರಲ್ಲಿ ಮೂರರಿಂದ ಐದು ಮಂದಿ ಸಾಯುತ್ತಾರೆಂಬುದು ಸಾಮಾನ್ಯ ಲೆಕ್ಕ.

ಇನ್ನೊಂದು ನಂಟೂ ಇದೆ. ಹೊಸದುರ್ಗದ ಪಕ್ಕದ ಜಿಲ್ಲೆ ಚಿಕ್ಕಮಗಳೂರು. ನಮ್ಮ ಕಡೆಯಿಂದ ಕಾಫಿ ಕೊಯ್ಲಿಗೆ, ಅಡಿಕೆ ಸುಗ್ಗಿಗೆ ಘಟ್ಟದ ಕಡೆ ಕೂಲಿಗೆ ಹೋಗುವವರಿದ್ದಾರೆ. ಕಾಫಿ ಕೊಯ್ಲಿನ ತಿಂಗಳುಗಳೂ ಎಳೆ ಉಣುಗಿನ ತಿಂಗಳುಗಳೂ ಒಂದರ ಮೇಲೊಂದು ಬೀಳುತ್ತವೆ. ಉಣುಗು ಕಚ್ಚಿದ ಮೂರರಿಂದ ಎಂಟು ದಿನಕ್ಕೆ ಜ್ವರ ಶುರು. ಅಷ್ಟರಲ್ಲಿ ಕೂಲಿಯವನು ಊರಿಗೆ ಮರಳಿರಬಹುದು. ಅವನು ಹೇಳದಿದ್ದರೆ, ವೈದ್ಯರು ಕೇಳದಿದ್ದರೆ, ಜ್ವರ ಮಾತ್ರೆಯಲ್ಲೇ ಬೆಲೆಯುಳ್ಳ ದಿನಗಳು ಕಳೆದುಹೋಗುತ್ತವೆ. ಈ ಕಾಯಿಲೆಗೆಂದೇ ಔಷಧ ಇಲ್ಲ. ಬೇಗ ಆಸ್ಪತ್ರೆ ಸೇರಿ ಆರೈಕೆ ಪಡೆಯುವುದೇ ದಾರಿ. 1990ರಿಂದ ಕೊಡುತ್ತಿದ್ದ ಲಸಿಕೆಯ ರಕ್ಷಣೆ ಸಾಲದೆಂದು ಕಂಡು 2022ರಲ್ಲಿ ಅದನ್ನು ನಿಲ್ಲಿಸಲಾಯಿತು. ಹೊಸ ಲಸಿಕೆಯ ಕೆಲಸ ನಡೆದಿದೆ.

ಆದ್ದರಿಂದ ಘಟ್ಟದ ಕಡೆ ಹೋಗುವವರು ಮೈತುಂಬ ಬಟ್ಟೆ ತೊಡಲಿ, ಉಣುಗು ದೂರವಿಡಲು ಆರೋಗ್ಯ ಇಲಾಖೆಯವರು ಕೊಡುವ ತೈಲವನ್ನು ಕೈಕಾಲಿಗೆ ಹಚ್ಚಲಿ, ತರಗೆಲೆಯ ಮೇಲೆ ಕೂರದಿರಲಿ, ಮರಳಿ ಬಂದೊಡನೆ ಬಿಸಿನೀರು, ಸೋಪಿನಿಂದ ಮೈ ತೊಳೆಯಲಿ. ಜ್ವರ ಬಂದರೆ 'ಮಲೆನಾಡಿಗೆ ಹೋಗಿದ್ದೆ' ಎಂಬ ಮಾತನ್ನು ವೈದ್ಯರಿಗೆ ಮೊದಲು ಹೇಳಲಿ.

ಕಾಡಿನಲ್ಲಿ ಮಂಗ ಸತ್ತಿದ್ದು ಕಂಡರೆ, ಅದು ಜೋಗಿಮಟ್ಟಿಯಲ್ಲೇ ಆಗಲಿ, ಮುಟ್ಟುವುದು ಬೇಡ, ಹೊರುವುದು ಬೇಡ. ಬಿದ್ದು ಸತ್ತಿರಬಹುದು, ವಿದ್ಯುತ್ ತಂತಿ ತಗುಲಿರಬಹುದು. ಅದನ್ನು ನಿರ್ಧರಿಸಬೇಕಾದುದು ಪರೀಕ್ಷೆ, ನಮ್ಮ ಊಹೆಯಲ್ಲ. ಅರಣ್ಯ ಇಲಾಖೆಗೋ, ಪಶುವೈದ್ಯರಿಗೋ, ಹತ್ತಿರದ ಆರೋಗ್ಯ ಕೇಂದ್ರಕ್ಕೋ ಒಂದು ಮಾತು ತಿಳಿಸಿದರೆ ಸಾಕು. ಕಾಯಿಲೆಯ ಶಂಕೆ ಇದ್ದರೆ ಮಂಗ ಬಿದ್ದ ಜಾಗದ ಸುತ್ತ 50 ಮೀಟರ್‌ವರೆಗೆ ಕೀಟನಾಶಕ ಹಾಕಿ, ಸತ್ತ ದೇಹವನ್ನು ಕ್ರಮವಾಗಿ ಸುಡುವ ಏರ್ಪಾಟಿದೆ. ಹೂವಿನ ಹಾರವನ್ನು ಗುಡಿಯ ಆಂಜನೇಯನಿಗೇ ಹಾಕೋಣ.