ತಂಗಿಯ ಪಾಲು ನಮ್ಮ ಕೈಯಲ್ಲಿರುವ ಅಮಾನತ್

1951-52ರ ಮೊದಲ ಮಹಾಚುನಾವಣೆಯಿಂದಲೇ ನಮ್ಮ ತಾಯಂದಿರಿಗೆ ಮತವಿದೆ. ಆದರೆ ಮತದ ಜೊತೆಗೆ ಆಸ್ತಿ ಬರಲಿಲ್ಲ. ಹಿಂದೂ ಸಹೋದರಿಯರಿಗೆ ಪಿತ್ರಾರ್ಜಿತದಲ್ಲಿ ಸಮಪಾಲು ದೇಶದೆಲ್ಲೆಡೆ ದೊರೆತದ್ದು 2005ರಲ್ಲಿ. ನಮ್ಮಲ್ಲಿ ಸೂರಃ ಅನ್ನಿಸಾ ಎಂದೋ ಪಾಲು ನಿಗದಿಪಡಿಸಿದೆ: ಮಗನಿಗೆ ಎರಡು ಭಾಗವಾದರೆ ಮಗಳಿಗೆ ಒಂದು. ಆದರೂ 1937ರ ಶರೀಅತ್ ಕಾಯ್ದೆ ಕೃಷಿಭೂಮಿಯನ್ನು ಹೊರಗಿಟ್ಟಿತು. ಅದಕ್ಕಿಂತ ದೊಡ್ಡ ಅಡ್ಡಿ ನಮ್ಮ ರೂಢಿಯೇ. ಚಳ್ಳಕೆರೆಯ ಶೇಂಗಾ ಹೊಲವಿರಲಿ, ಮೊಳಕಾಲ್ಮುರಿನ ಮಗ್ಗದ ಮನೆಯಿರಲಿ, ತಂದೆ ತೀರಿಕೊಂಡ ಮೇಲೆ ಖಾತೆ ಗಂಡುಮಕ್ಕಳ ಹೆಸರಿಗಷ್ಟೇ ಆಗುವುದುಂಟು. ತಂಗಿಯಿಂದ ಹಕ್ಕು ಬಿಡುಗಡೆ ಪತ್ರಕ್ಕೆ ಸಹಿ ಹಾಕಿಸುತ್ತೇವೆ. ಮದುವೆಯ ಖರ್ಚು ವಿರಾಸತ್ ಅಲ್ಲ. ತವರಿನ ಬಾಗಿಲು ಮುಚ್ಚೀತೆಂಬ ಭಯದಲ್ಲಿ ಹಾಕಿದ ಸಹಿ ಒಪ್ಪಿಗೆಯೂ ಅಲ್ಲ. ವಂಶವೃಕ್ಷದಲ್ಲಿ, ಪೌತಿ ಖಾತೆಯಲ್ಲಿ ಅವಳ ಹೆಸರನ್ನೂ ಬರೆಸೋಣ. ಮೊದಲು ಪಾಲು ಅವಳ ಕೈ ಸೇರಲಿ. ಆಮೇಲೆ ಬಿಟ್ಟುಕೊಡುವುದು ಅವಳಿಷ್ಟ.